ಟೈರೂ ಒಂದು ಗೇರೇ

ಜಪಾನಿನ ಈಶಾನ್ಯದ ತೊಹೊಕು ಸೀಮೆಯಲ್ಲಿ ಚಳಿಗಾಲವೆಂದರೆ ಹಿಮ ಮೂಟೆಗಟ್ಟಲೆ ಸುರಿಯುವ ಕಾಲ. ಅಲ್ಲಿನ ವಿದ್ಯುತ್ ಕಂಪನಿಯ ಲೈನ್‌ಮನ್‌ಗಳು ಬೆಟ್ಟದ ತಂತಿ ನೋಡಿಕೊಳ್ಳಲು ಜೀಪು ಹತ್ತಬೇಕಿತ್ತು. ಜೀಪು ಹಿಮಕ್ಕೆ ಜಗ್ಗುತ್ತಿರಲಿಲ್ಲ, ಒಳಗೆ ಕೂತವರು ಮಾತ್ರ ಗಡಗಡ ನಡುಗುತ್ತಿದ್ದರು. ಜೀಪಿನ ಹಿಡಿತ, ಕಾರಿನ ಬಿಸುಪು ಎರಡೂ ಇರುವ ಗಾಡಿ ಬೇಕೆಂಬ ಬೇಡಿಕೆ ಅದೇ ಸೀಮೆಯ ಮಿಯಾಗಿಯ ಸುಬಾರು ಡೀಲರ್ ಬಳಿ ಬಂತು. ಅಲ್ಲಿಯವರು ಮುಂದಿನ ಚಕ್ರಗಳಿಂದ ಓಡುವ ಸುಬಾರು ವ್ಯಾಗನ್ನಿಗೆ ನಿಸಾನ್ ಬ್ಲೂಬರ್ಡ್ ಕಾರಿನ ಹಿಂದಿನ ಡಿಫರೆನ್ಷಿಯಲ್ ತಂದು ಜೋಡಿಸಿಬಿಟ್ಟರು! ಅದರ ಸುಧಾರಿತ ರೂಪ 1971ರ ಟೋಕಿಯೊ ಮೋಟಾರ್ ಶೋನಲ್ಲಿ ಕಾಣಿಸಿತು. 1972ರಲ್ಲಿ ಲಿಯೋನೆ ಎಸ್ಟೇಟ್ ವ್ಯಾನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು.

ಹುಟ್ಟಿದ್ದೇ ಗ್ಯಾರೇಜಿನ ಕೈಚಳಕದಿಂದ, ಹಾಗಾಗಿ ಈ ಜಾತಿಯ ಗಾಡಿಯನ್ನು ಮನೆಯಂಗಳದಲ್ಲೇ ಬಿಚ್ಚಿ ಜೋಡಿಸುವವರು ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇಂದಿಗೂ ಇರುವುದರಲ್ಲಿ ಆಶ್ಚರ್ಯವಿಲ್ಲ. 1980ರ ದಶಕದ ಆರಂಭದ 1,781 ಸಿ.ಸಿ. ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟೇ ಇಲ್ಲ, ಗೇರ್‌ಗಳೇ ಆ ಕೆಲಸ ಮಾಡುತ್ತವೆ. ಬೆಲ್ಟು ಹರಿದು ದಾರಿಯಲ್ಲಿ ನಿಲ್ಲುವ ಚಿಂತೆಯಿಲ್ಲ. ಸಿಲಿಂಡರುಗಳು ಎಡಕ್ಕೆರಡು, ಬಲಕ್ಕೆರಡು ಮಲಗಿರುವುದರಿಂದ ಎಂಜಿನ್ ಎಷ್ಟು ಗಿಡ್ಡವೆಂದರೆ, ಸ್ಟೆಪ್ನಿಗೂ ಅದರ ಮೇಲೆಯೇ ಜಾಗ ಸಿಕ್ಕಿದೆ. ಎಂಜಿನ್ನಿನ ಹಿಂದೆ ಗೇರ್‌ಬಾಕ್ಸು ಗಾಡಿಯ ಉದ್ದಕ್ಕೇ ಚಾಚಿಕೊಂಡಿದೆ. ಅಲ್ಲಿಂದ ಹಿಂದಕ್ಕೆ ಇನ್ನೊಂದು ಶಾಫ್ಟ್ ಎಳೆದರೆ ಮುಗಿಯಿತು, ಫೋರ್‌ವೀಲ್ ಸಿದ್ಧ.

ಸುಲಭವೆಂದು ತೋರುವ ಈ ಜೋಡಣೆಯಲ್ಲೇ ಒಂದು ತೊಡಕಿದೆ. ಗಾಡಿ ತಿರುಗುವಾಗ ಅದರ ನಾಲ್ಕು ಚಕ್ರಗಳೂ ನಾಲ್ಕು ಬೇರೆ ಬೇರೆ ವೃತ್ತಗಳ ಮೇಲೆ ಓಡುತ್ತವೆ. ಎಡಬಲದ ವ್ಯತ್ಯಾಸವನ್ನು ಡಿಫರೆನ್ಷಿಯಲ್ ನಿಭಾಯಿಸುತ್ತದೆ. ಹಿಂದುಮುಂದಿನ ವ್ಯತ್ಯಾಸ? ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 2.45 ಮೀಟರ್ ಅಂತರವಿರುವ ಗಾಡಿಯ ಹಿಂದಿನ ಆಕ್ಸಲ್ 6 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ, ಮುಂದಿನದು ಸುಮಾರು 6.48 ಮೀಟರ್ ತ್ರಿಜ್ಯದಲ್ಲಿ ಸಾಗುತ್ತದೆ. ಕಾಲು ಸುತ್ತು ಹೊರಳುವಷ್ಟರಲ್ಲಿ ಮುಂದಿನವು ಮುಕ್ಕಾಲು ಮೀಟರ್ ಹೆಚ್ಚು ಓಡಿರಬೇಕು. ಆದರೆ ಲಿವರ್ ಎಳೆದು ಫೋರ್‌ವೀಲ್ ಹಾಕಿದಾಗ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಹೆಚ್ಚುಕಡಿಮೆ ಮಾಡಿಕೊಳ್ಳಲು ನಡುವೆ ಏನೂ ಇಲ್ಲ. ಕೆಸರಿನಲ್ಲಾದರೆ ಯಾವುದೋ ಒಂದು ಟೈರು ಜಾರಿ ಲೆಕ್ಕ ಚುಕ್ತಾ ಮಾಡುತ್ತದೆ. ಒಣ ಡಾಂಬರಿನ ಮೇಲೆ ಟೈರು ಜಾರಲು ಒಪ್ಪುವುದಿಲ್ಲ. ಆಗ ಶಾಫ್ಟುಗಳೇ ತಿರುಚಿಕೊಳ್ಳುತ್ತವೆ, ಸ್ಟೀರಿಂಗ್ ಬಿಗಿಯುತ್ತದೆ, ಯಾರೋ ಬ್ರೇಕ್ ಒತ್ತಿದಂತೆ ಗಾಡಿ ತಡೆಯುತ್ತದೆ. ಲಿವರ್ ಹಿಂದಕ್ಕೆ ಬರದೆ ಕಚ್ಚಿ ನಿಂತರೆ ಒಂದಿಷ್ಟು ರಿವರ್ಸ್ ಹೋಗಿ ನೋಡಿ ಎಂದು ಹಳಬರು ಹೇಳುವುದು ಇದಕ್ಕೇ. ತಿರುಚು ಬಿಚ್ಚಿಕೊಂಡರೆ ಗೇರೂ ಬಿಡುತ್ತದೆ. ನಮ್ಮ ಕಾಫಿ ಸೀಮೆಯ ಹಳೇ ಜೀಪುಗಳಿಗೂ, 1985ರಲ್ಲಿ ಬಂದ ಮಾರುತಿ ಜಿಪ್ಸಿಗೂ ಇದೇ ನಿಯಮ.

ತಿರುವಿನಲ್ಲಿ ಆಗುವ ಈ ಜಗಳ ಟೈರು ಸರಿಯಿಲ್ಲದಿದ್ದರೆ ನೇರ ರಸ್ತೆಯಲ್ಲೂ ನಡೆಯುತ್ತದೆ. ಮುಂದೆ 8 ಮಿ.ಮೀ. ಆಳದ ಗೀರುಗಳಿರುವ ಹೊಸ ಟೈರು, ಹಿಂದೆ 2 ಮಿ.ಮೀ.ಗೆ ಸವೆದ ಟೈರು ಇವೆಯೆನ್ನಿ. ತ್ರಿಜ್ಯದಲ್ಲಿ 6 ಮಿ.ಮೀ. ವ್ಯತ್ಯಾಸ, ಸುತ್ತಳತೆಯಲ್ಲಿ ಸುಮಾರು 38 ಮಿ.ಮೀ. 13 ಇಂಚಿನ ರಿಮ್ಮಿನ 175/70 ಟೈರು ಕಿಲೋಮೀಟರಿಗೆ 550ಕ್ಕೂ ಹೆಚ್ಚು ಸುತ್ತು ಹಾಕುತ್ತದೆ. ಕಾಗದದ ಲೆಕ್ಕದಲ್ಲಿ ಕಿಲೋಮೀಟರಿಗೆ 20 ಮೀಟರಿನಷ್ಟು ಎಳೆದಾಟ! ರಬ್ಬರು ಅದುಮಿಕೊಂಡು ಒಂದಷ್ಟನ್ನು ನುಂಗುತ್ತದೆ, ಉಳಿದದ್ದು ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ. ಪಂಚರ್ ಆಯಿತೆಂದು ಒಂದೇ ಒಂದು ಹೊಸ ಟೈರು ಕೊಳ್ಳುವ ನಮ್ಮ ಅಭ್ಯಾಸ ಈ ಗಾಡಿಗಳ ಮಟ್ಟಿಗೆ ಉಳಿತಾಯವೇ ಅಲ್ಲ.

ಇನ್ನು ದೊಡ್ಡ ಟೈರು ಹಾಕುವ ಹುಚ್ಚು. ಲಿಯೋನೆಯ ಚಕ್ರಕ್ಕೆ 140 ಮಿ.ಮೀ. ವ್ಯಾಸದ ವೃತ್ತದಲ್ಲಿ ನಾಲ್ಕು ಬೋಲ್ಟು. ಹಲವು ಜಪಾನಿ ಪಿಕಪ್ಪುಗಳಿಗೆ 139.7 ಮಿ.ಮೀ. ವೃತ್ತದಲ್ಲಿ ಆರು. ನಾಲ್ಕರ ಗುಂಪಿನಲ್ಲಿ ಬೋಲ್ಟುಗಳು 90 ಡಿಗ್ರಿಗೊಂದು, ಆರರ ಗುಂಪಿನಲ್ಲಿ 60 ಡಿಗ್ರಿಗೊಂದು. ಎದುರುಬದುರಿನ ಎರಡು ಬೋಲ್ಟು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬೀಳುತ್ತವೆ. ಹಾಗಾಗಿ ಹಬ್ಬಿನಲ್ಲಿ ಹೊಸದಾಗಿ ನಾಲ್ಕು ತೂತು ಕೊರೆದರೆ ಪಿಕಪ್ಪಿನ ದೊಡ್ಡ ಚಕ್ರ ಕೂರುತ್ತದೆ. ಆಸ್ಟ್ರೇಲಿಯಾದ ಹವ್ಯಾಸಿಗಳಲ್ಲಿ ಇದು ಹಳೇ ಉಪಾಯ. ಶಾಲೆಯ ರೇಖಾಗಣಿತ ಇಷ್ಟು ನೇರವಾಗಿ ಕೈಗೆ ಬರುವುದು ಅಪರೂಪ.

ಆದರೆ ಟೈರು ಬರೀ ರಬ್ಬರಲ್ಲ, ಎಂಜಿನ್ನಿನಿಂದ ರಸ್ತೆಯವರೆಗಿನ ಸಾಲಿನಲ್ಲಿ ಅದೇ ಕೊನೆಯ ಗೇರು. ವ್ಯಾಸ 575 ಮಿ.ಮೀ.ಯಿಂದ 685ಕ್ಕೆ ಏರಿದರೆ ಅಡಿಯ ಜಾಗ 55 ಮಿ.ಮೀ. ಹೆಚ್ಚುತ್ತದೆ. ಅದಕ್ಕೆ ಪ್ರತಿಯಾಗಿ ನೆಲವನ್ನು ತಳ್ಳುವ ಬಲ ಶೇ. 16ರಷ್ಟು ಕುಗ್ಗುತ್ತದೆ. ಮೀಟರ್ 80 ತೋರಿಸುವಾಗ ಗಾಡಿ ನಿಜಕ್ಕೂ 95ರಲ್ಲಿ ಓಡುತ್ತಿರುತ್ತದೆ. ಬ್ರೇಕು ಮಾತ್ರ ಹಳೆಯದೇ. ಇದರ ಮೇಲೆ ಬ್ಲಾಕು ಕೊಟ್ಟು ಬಾಡಿಯನ್ನೂ 50 ಮಿ.ಮೀ. ಎತ್ತಿದರೆ ಗುರುತ್ವಕೇಂದ್ರ ಸುಮಾರು 10 ಸೆಂ.ಮೀ. ಮೇಲೇರಿತು. ಎಡಬಲದ ಚಕ್ರಗಳ ನಡುವಿನ ಅಗಲವನ್ನು ಗುರುತ್ವಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ, ಪಕ್ಕಕ್ಕೆ ಮಗುಚದೆ ಗಾಡಿ ಎಷ್ಟು ತಾಳಬಲ್ಲದೆಂಬ ಅಂದಾಜು ಸಿಗುತ್ತದೆ. ಅಗಲ 1.3 ಮೀಟರ್, ಎತ್ತರ 0.55 ಎಂದಿಟ್ಟುಕೊಂಡರೆ ಅದು 1.18. ಎತ್ತರ 0.65 ಆದಾಗ ಬರೀ 1. ಬಲ್ಲವರು ಸಸ್ಪೆನ್ಷನ್ನನ್ನಷ್ಟೇ ಎತ್ತುವುದಿಲ್ಲ, ಎಂಜಿನ್ ಹೊತ್ತ ಅಡ್ಡಪಟ್ಟಿಗೂ ಹಿಂದಿನ ಡಿಫರೆನ್ಷಿಯಲ್‌ಗೂ ಅದೇ ದಪ್ಪದ ಬ್ಲಾಕು ಕೊಡುತ್ತಾರೆ. ಇಲ್ಲದಿದ್ದರೆ ಆಕ್ಸಲ್ಲಿನ ಜಾಯಿಂಟುಗಳು ಸದಾ ಬಾಗಿಕೊಂಡೇ ತಿರುಗಿ ಬಿಸಿಯಾಗುತ್ತವೆ, ರಬ್ಬರ್ ಬೂಟು ಹರಿದು ಗ್ರೀಸು ಚಿಮ್ಮುತ್ತದೆ.

ನನ್ನನ್ನು ಕೇಳಿದರೆ ಮಾರ್ಪಾಟಿಗಿಂತ ರಿಪೇರಿಯೇ ಹೆಚ್ಚು ರುಚಿಯ ಕೆಲಸ. ಈ ಎಂಜಿನ್ನಿನ ಹೆಡ್ಡು ಅಲ್ಯೂಮಿನಿಯಂ, ಸೈಲೆನ್ಸರ್ ಪೈಪು ಹಿಡಿದಿರುವ ಸ್ಟಡ್ಡುಗಳು ಉಕ್ಕು. ಹಿಮ ಕರಗಿಸಲು ರಸ್ತೆಗೆ ಸುರಿವ ಉಪ್ಪು ಸೇರಿಕೊಂಡರೆ ಎರಡು ಲೋಹಗಳ ನಡುವೆ ಪುಟ್ಟ ಬ್ಯಾಟರಿಯೇ ಸೃಷ್ಟಿಯಾಗಿ, ಬಿಳಿ ಪುಡಿ ಹುಟ್ಟಿ ಥ್ರೆಡ್ಡು ಕಚ್ಚಿಕೊಳ್ಳುತ್ತದೆ. ಪಾನಾಕ್ಕೆ ಪೈಪು ಸಿಕ್ಕಿಸಿ ಎಳೆದರೆ ಸ್ಟಡ್ಡು ತುಂಡಾಗಿ ಒಳಗೇ ಉಳಿದೀತು. ಬಿಸಿ ಮಾಡುವುದೇ ದಾರಿ. ಒಂದೇ ಕಾವಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತದೆ. 10 ಮಿ.ಮೀ. ತೂತಿನಲ್ಲಿ, 100 ಡಿಗ್ರಿ ಕಾವೇರಿದರೆ ಸಿಗುವ ಸಡಿಲ ಒಂದು ಮಿ.ಮೀ.ಯ ನೂರನೇ ಒಂದು ಭಾಗ ಮಾತ್ರ. ಅಷ್ಟು ಸಾಕು. ತಣ್ಣಗಾಗುತ್ತಿರುವಾಗ ತುಕ್ಕು ಬಿಡಿಸುವ ಎಣ್ಣೆ ಬಿಟ್ಟರೆ ಒಳಗಿಳಿಯುತ್ತದೆ. ಆಮೇಲೆ ಹಿಂದೆಮುಂದೆ ಕಾಲು ಸುತ್ತು ಅಲ್ಲಾಡಿಸುತ್ತಾ ತಾಳ್ಮೆಯಿಂದ ಬಿಚ್ಚಬೇಕು. ಹಳೇ ಬ್ರೇಕ್ ಡ್ರಮ್ಮಿನ ಪುಡಿಯನ್ನು ಮಾತ್ರ ಊದಬೇಡಿ, ಅದರಲ್ಲಿ ಕಲ್ನಾರು ಇರಬಹುದು. ಜಾಕಿ ಒಂದನ್ನೇ ನಂಬಿ ಗಾಡಿಯಡಿ ನುಸುಳಲೂ ಬೇಡಿ.

ಇದನ್ನೋದಿ ನಿಮ್ಮ ಜಿಪ್ಸಿಗೋ ಜೀಪಿಗೋ ಕೈ ಹಾಕುವ ಮುನ್ನ ಒಂದು ವಿಷಯ. ಕಂಪನಿಯ ಮೂಲ ವಿನ್ಯಾಸ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಡಿವಾಣ ಹಾಕಿದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಟೈರು ಅಳೆಯುವುದಕ್ಕೆ ಯಾರ ಅಪ್ಪಣೆಯೂ ಬೇಡ. ನಾಲ್ಕರಲ್ಲೂ ಗಾಳಿ ಸರಿಯಿದೆಯೇ ನೋಡಿ, ಪ್ರತಿ ಟೈರಿಗೂ ಅದರಡಿಯ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ. ಫೋರ್‌ವೀಲ್ ತೆಗೆದು ಗಾಡಿಯನ್ನು ಸಮತಟ್ಟು ಅಂಗಳದಲ್ಲಿ ನೇರವಾಗಿ ತಳ್ಳಿ. ಒಂದು ಸುತ್ತಿಗೆ ಪ್ರತಿ ಟೈರು ಎಷ್ಟು ದೂರ ಹೋಯಿತೆಂದು ಟೇಪು ಹಿಡಿದು ಬರೆದುಕೊಳ್ಳಿ. ಎರಡು ಅಳತೆಗಳ ನಡುವೆ ಬೆರಳಗಲದಷ್ಟು ಅಂತರ ಕಂಡರೆ ಮೊದಲು ಟೈರು ಬದಲಿಸಿ, ಉಳಿದ ಕೆಲಸ ಆಮೇಲೆ.