ಕಾರಂಜಿ ಚಿಮ್ಮುತ್ತದೆ, ಮನೆಗೆ ಸೂರಿಲ್ಲ

"ವಿಟ್ಲಿ ಕೋರ್ಟ್ ನೋಡಿ ಬರೋಣ" ಅಂದಾಗ ಅಪ್ಪಯ್ಯ ಮುಖ ಸಿಂಡರಿಸಿದರು. "ಕೋರ್ಟು, ಕಚೇರಿ ಎಲ್ಲಾ ಊರಲ್ಲೇ ನೋಡಿ ಸಾಕಾಗಿದೆ ಮಾರಾಯ." ಇಂಗ್ಲೆಂಡಿನಲ್ಲಿ ಕೆಲವು ದೊಡ್ಡ ಮನೆಗಳಿಗೂ ಕೋರ್ಟ್ ಅನ್ನುತ್ತಾರೆ ಎಂದು ವಿವರಿಸಿ, ಏಪ್ರಿಲ್ ತಿಂಗಳ ಒಂದು ಭಾನುವಾರ ಅವರನ್ನೂ ಅಮ್ಮನನ್ನೂ ಕಾರು ಹತ್ತಿಸಿದೆ. ನಾವಿರುವ ಬರ್ಮಿಂಗ್‌ಹ್ಯಾಮ್‌ನಿಂದ ಸುಮಾರು ಒಂದು ಗಂಟೆಯ ದಾರಿ. ವೂಸ್ಟರ್‌ಶೈರ್‌ನ ಹಳ್ಳಿಗಾಡು.

ದೂರದಿಂದ ನೋಡಿದರೆ ಅರಮನೆಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಕಂಬಗಳ ಸಾಲು, ಕಿಟಕಿಗಳ ಸಾಲು ಎಲ್ಲಾ ಇದೆ. ಹತ್ತಿರ ಹೋದರೆ ಕಿಟಕಿಯೊಳಗೆ ಆಕಾಶ ಕಾಣುತ್ತದೆ. ಮಾಳಿಗೆಯಿಲ್ಲ, ನೆಲವಿಲ್ಲ, ಬರೀ ಗೋಡೆ.

ಲೆಕ್ಕಪತ್ರ ನೋಡಿ ಬದುಕುವ ನನಗೆ ಎಲ್ಲಿಗೆ ಹೋದರೂ ಮೊದಲು ಹುಟ್ಟುವ ಪ್ರಶ್ನೆ, ದುಡ್ಡು ಎಲ್ಲಿಂದ ಬಂತು ಎಂಬುದು. ಇಲ್ಲಿ ಬಂದದ್ದು ಕಬ್ಬಿಣದಿಂದ. 1655ರಲ್ಲಿ ಈ ಜಾಗ ಕೊಂಡ ಥಾಮಸ್ ಫೋಲಿಯ ಮನೆತನ ಕಬ್ಬಿಣದ ವ್ಯಾಪಾರದಲ್ಲಿ ಮೇಲೆ ಬಂದದ್ದು. ಮುಂದಿನ ತಲೆಮಾರುಗಳು ಮನೆಯನ್ನು ಬೆಳೆಸಿದವು, ಸಾಲವನ್ನೂ ಬೆಳೆಸಿದವು. 1837ರಲ್ಲಿ ಎಸ್ಟೇಟನ್ನು 8,90,000 ಪೌಂಡಿಗೆ ಮಾರಬೇಕಾಯಿತು. ಅದು ಹೋದದ್ದು ಇಪ್ಪತ್ತರ ಹುಡುಗ ವಿಲಿಯಂ ವಾರ್ಡ್‌ನ ಪಾಲಿಗೆ. ಅವನದು ಬ್ಲ್ಯಾಕ್ ಕಂಟ್ರಿಯ ಕಲ್ಲಿದ್ದಲು ಗಣಿಗಳ, ಕಬ್ಬಿಣದ ಕಾರ್ಖಾನೆಗಳ ಆಸ್ತಿ. ನೆಲದಡಿ ದುಡಿದವರ ಬೆವರು ನೆಲದ ಮೇಲೆ ಅಮೃತಶಿಲೆಯಾಯಿತು ಅನ್ನಿ.

ವಾರ್ಡ್ 1860ರಲ್ಲಿ ಡಡ್ಲಿಯ ಅರ್ಲ್ ಆದ. ಅದಕ್ಕೂ ಮುಂಚೆಯೇ ವಾಸ್ತುಶಿಲ್ಪಿ ಸ್ಯಾಮ್ಯುಯೆಲ್ ಡಾಕ್ಸ್‌ನಿಂದ ಇಡೀ ಮನೆಗೆ ಹೊಸ ರೂಪ ಕೊಡಿಸಿದ್ದ. ತೋಟದಲ್ಲಿ ಪರ್ಸಿಯಸ್ ಮತ್ತು ಆಂಡ್ರೊಮಿಡಾ ಕಾರಂಜಿ ಎದ್ದಿತು. ಉಗಿಯಂತ್ರದ ಪಂಪ್ ನೀರನ್ನು ನೂರು ಅಡಿಗೂ ಮೇಲಕ್ಕೆ ಚಿಮ್ಮಿಸುತ್ತಿತ್ತು.

ಅವನ ಮಗ, ಎರಡನೆಯ ಅರ್ಲ್, ಆಸ್ಟ್ರೇಲಿಯಾದ ಗವರ್ನರ್ ಜನರಲ್ ಕೂಡ ಆಗಿದ್ದವನು. 1920ರಲ್ಲಿ ಅವನ ಹೆಂಡತಿ ಐರ್ಲೆಂಡಿನಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಳು. ಅದೇ ವರ್ಷ ಮನೆ ಕಿಡ್ಡರ್‌ಮಿನ್‌ಸ್ಟರ್‌ನ ಕಾರ್ಪೆಟ್ ಉದ್ಯಮಿ ಸರ್ ಹರ್ಬರ್ಟ್ ಸ್ಮಿತ್ ಕೈಸೇರಿತು. ಅವನು ಹಿಂದಿನವರಷ್ಟು ಆಳುಕಾಳು ಇಟ್ಟುಕೊಳ್ಳಲಿಲ್ಲ.

1937ರ ಸೆಪ್ಟೆಂಬರ್ 7ರ ರಾತ್ರಿ ಬೆಂಕಿ ಬಿತ್ತು. ಯಜಮಾನ ಊರಲ್ಲಿರಲಿಲ್ಲ. ಬೆಂಕಿ ಆರಿಸುವ ವ್ಯವಸ್ಥೆಯನ್ನು ಆ ಕಾರಂಜಿಯ ನೀರಿಗೇ ಜೋಡಿಸಿಟ್ಟಿದ್ದರು. ಆದರೆ ವರ್ಷಗಟ್ಟಲೆ ಅದನ್ನು ಯಾರೂ ನೋಡಿಕೊಂಡಿರಲಿಲ್ಲ, ಬೇಕಾದ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ.

ಆದರೂ ಅರಮನೆಯನ್ನು ಹಾಳು ಮಾಡಿದ್ದು ಬೆಂಕಿ ಅನ್ನಲು ನನಗೆ ಮನಸ್ಸಿಲ್ಲ. ಅಂದು ಇಡೀ ಮನೆ ಸುಟ್ಟಿರಲಿಲ್ಲ. ಸ್ಮಿತ್ ಮತ್ತೆ ಕಟ್ಟಿಸುವ ಗೋಜಿಗೆ ಹೋಗದೆ ಮರುವರ್ಷ ಹರಾಜಿಗಿಟ್ಟ. ಮುಂದೆ ಗುಜರಿಯವರ ಕೈಗೆ ಬಿದ್ದು ಸೀಸ, ಮರ, ಬೆಲೆಬಾಳುವುದೆಲ್ಲ ಕಿತ್ತು ಹೋಯಿತು. 1967ರಲ್ಲಿ ಪ್ರೊಕೋಲ್ ಹಾರಮ್ ತಂಡ ತನ್ನ ಹೆಸರಾಂತ ಹಾಡಿನ ಚಿತ್ರೀಕರಣಕ್ಕೆ ಇಲ್ಲಿಗೆ ಬಂದಾಗ ಇದು ಬರೀ ಪಾಳು. 1972ರಲ್ಲಿ ಸರ್ಕಾರ ಮಧ್ಯೆ ಬಂದದ್ದರಿಂದ ಗೋಡೆಗಳಾದರೂ ನಿಂತಿವೆ. ಈಗ ನೋಡಿಕೊಳ್ಳುತ್ತಿರುವುದು ಇಂಗ್ಲಿಷ್ ಹೆರಿಟೇಜ್ ಸಂಸ್ಥೆ. ಕಾರಂಜಿಯನ್ನೂ ದುರಸ್ತಿ ಮಾಡಿಸಿದ್ದಾರೆ, ಗೊತ್ತಾದ ಹೊತ್ತಿಗೆ ಚಿಮ್ಮುತ್ತದೆ. ಅಮ್ಮ ಮಗುವಿನಂತೆ ಚಪ್ಪಾಳೆ ತಟ್ಟಿದರು.

ಪಕ್ಕದಲ್ಲೇ ಅಂಟಿಕೊಂಡಂತಿರುವ ಚರ್ಚ್ ಮಾತ್ರ ಈಗಲೂ ಥಳಥಳ. ಅದರ ಚಾವಣಿಯ ಚಿತ್ರಗಳು, ಬಣ್ಣದ ಗಾಜುಗಳು ಬಂದದ್ದು ಲಂಡನ್ ಬಳಿಯ ಕ್ಯಾನನ್ಸ್ ಎಂಬ ಇನ್ನೊಂದು ಮಹಲಿನಿಂದ. ಅದರ ಒಡೆಯ ಡ್ಯೂಕ್ ಆಫ್ ಚಾಂಡೋಸ್ 1720ರ ಸೌತ್ ಸೀ ಷೇರು ಹಗರಣದಲ್ಲಿ ಕೈಸುಟ್ಟುಕೊಂಡವನು. ಅವನ ನಂತರ 1747ರಲ್ಲಿ ಆ ಮನೆ ಹರಾಜಾದಾಗ ಇವನ್ನು ಕೊಂಡು ತಂದರು. ಒಬ್ಬರ ಮನೆ ಮುರಿದದ್ದನ್ನು ತಂದು ಸಿಂಗರಿಸಿಕೊಂಡವರ ಮನೆಯೂ ಹೀಗೇ ಬಿಡಿಬಿಡಿಯಾಗಿ ಮಾರಿಹೋಯಿತು.

ಅಪ್ಪಯ್ಯ ಹೆಚ್ಚು ಮಾತಾಡಲಿಲ್ಲ. ಗೋಡೆಯ ನೆತ್ತಿಯನ್ನೇ ನೋಡುತ್ತಿದ್ದರು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಈಗಿರುವುದು ಅವರಿಬ್ಬರೇ. ಅಕ್ಕ ಮಸ್ಕತ್‌ನಲ್ಲಿ, ತಮ್ಮ ಬೆಂಗಳೂರಿನಲ್ಲಿ. ಎರಡು ಮಳೆಗಾಲದಿಂದ ಉಪ್ಪರಿಗೆ ಸೋರುತ್ತಿದೆ. ದುರಸ್ತಿ ಖರ್ಚನ್ನು ಮೂರು ಪಾಲು ಮಾಡಿ ಎಕ್ಸೆಲ್‌ನಲ್ಲಿ ಚೆಂದದ ಪಟ್ಟಿ ಮಾಡಿದವನು ನಾನೇ. "ಇನ್ನೊಂದು ವರ್ಷ ನೋಡೋಣ" ಅಂದವನೂ ನಾನೇ.

"ಆ ಪಂಪ್ ಕೊನೇ ಸಲ ಯಾವಾಗ ಓಡ್ಸಿ ನೋಡಿದ್ರಂತೆ?" ಹೊರಡುವಾಗ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ಮೋಟಾರ್‌ವೇ ಸೇರಿದ ಮೇಲೆ ತಮ್ಮಷ್ಟಕ್ಕೇ ಅನ್ನುವಂತೆ ಹೇಳಿದರು: "ಮೇ ತಿಂಗಳಲ್ಲಿ ಹೆಂಚು ಕೈಯಾಡಿಸ್ಬೇಕು. ಮಳೆ ಹಿಡೀತು ಅಂದ್ರೆ ಯಾರೂ ಮಾಡು ಹತ್ತಲ್ಲ."

ರಾತ್ರಿ ನನ್ನ ಪಾಲಿನ ಹಣ ಕಳಿಸಿ, ಮೂವರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಾಲು ಹಾಕಿದೆ. ಅಕ್ಕ ತಕ್ಷಣ ಸರಿ ಅಂದಳು. ತಮ್ಮ ನೋಡಿದ್ದಾನೆ, ಉತ್ತರ ಬಂದಿಲ್ಲ.