ಬಿಸಿಲನ್ನು ಹಿಂದಿರುಗಿಸುವ ಪೊದೆ

ನರ್ಸರಿಯಲ್ಲಿ ಲ್ಯೂಕೋಫಿಲಂ ಗಿಡ ಕಂಡವರು ಮೊದಲು ಮುಟ್ಟುವುದು ಅದರ ಎಲೆಯನ್ನೇ. ಬೂದಿ ಉದುರಿಸಿದಂಥ ಬಣ್ಣ, ಮುಟ್ಟಿದರೆ ಮೆತ್ತಗೆ. ಅಮೆರಿಕದ ಟೆಕ್ಸಸ್ ಮತ್ತು ಅದಕ್ಕೆ ತಾಗಿಕೊಂಡ ಉತ್ತರ ಮೆಕ್ಸಿಕೋದ ಸುಣ್ಣಕಲ್ಲಿನ ಒಣನೆಲ ಇದರ ತವರು. ಆಳೆತ್ತರಕ್ಕೆ ಬೆಳೆಯುವ ಈ ಗಿಡವನ್ನು ಟೆಕ್ಸಸ್ 2005ರಲ್ಲಿ ತನ್ನ ಅಧಿಕೃತ ಸ್ಥಳೀಯ ಪೊದೆಗಿಡವೆಂದು ಘೋಷಿಸಿತು. ಗಾಳಿಯಲ್ಲಿ ತೇವ ಏರಿದಾಗ, ಮಳೆ ಬಿದ್ದಾಗ ಮೈತುಂಬ ನೇರಳೆ ಹೂ ಬಿಡುವುದರಿಂದ ಅಲ್ಲಿ ಇದಕ್ಕೆ ‘ಬ್ಯಾರೋಮೀಟರ್ ಪೊದೆ’ ಎಂಬ ಹೆಸರೂ ಇದೆ.

ಈ ಬೆಳ್ಳಿ ಬಣ್ಣವನ್ನು ಕೊಡುವ ವರ್ಣದ್ರವ್ಯ ಎಲೆಯಲ್ಲೆಲ್ಲೂ ಇಲ್ಲ. ಭೂತಗನ್ನಡಿ ಹಿಡಿದರೆ ಹಸಿರು ಮೈಯ ಮೇಲೆ ಕವಲೊಡೆದ ನವಿರು ರೋಮಗಳ ಹೊದಿಕೆ ಕಾಣುತ್ತದೆ. ರೋಮಗಳ ನಡುವೆ ತುಂಬಿರುವುದು ಗಾಳಿ. ಬೆಳಕು ಗಾಳಿಯಿಂದ ರೋಮಕ್ಕೆ, ರೋಮದಿಂದ ಗಾಳಿಗೆ ದಾಟುವಾಗಲೆಲ್ಲ ಒಂದಿಷ್ಟು ಚದುರಿ ಹಿಂದಕ್ಕೆ ಹೋಗುತ್ತದೆ. ಸೋಪಿನ ನೀರಿಗೆ ಬಣ್ಣವಿಲ್ಲದಿದ್ದರೂ ನೊರೆ ಬೆಳ್ಳಗೆ ಕಾಣುವುದು ಇದರಿಂದಲೇ.

ಈ ರೋಮದ ಹೊದಿಕೆಯಿಂದ ಗಿಡಕ್ಕೆ ಲಾಭವೆಷ್ಟು ಎಂಬುದನ್ನು ಇನ್ನೊಂದು ಮರುಭೂಮಿ ಪೊದೆ, ಎನ್ಸೀಲಿಯಾ ಫ್ಯಾರಿನೋಸಾ, ಚೆನ್ನಾಗಿ ತೋರಿಸಿಕೊಟ್ಟಿದೆ. 1970ರ ದಶಕದಲ್ಲಿ ಸಸ್ಯವಿಜ್ಞಾನಿಗಳಾದ ಜೇಮ್ಸ್ ಎಲರಿಂಗರ್, ಹೆರಾಲ್ಡ್ ಮೂನಿ ಮತ್ತವರ ಜೊತೆಗಾರರು ಅದನ್ನು ಕ್ಯಾಲಿಫೋರ್ನಿಯಾ ಕರಾವಳಿಯ ರೋಮವಿಲ್ಲದ ಸೋದರ ಗಿಡದೊಂದಿಗೆ ಹೋಲಿಸಿ ಅಳೆದರು. ಕರಾವಳಿಯ ಹಸಿರೆಲೆ ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನಲ್ಲಿ ಶೇ 84ರಷ್ಟನ್ನು ಹೀರಿಕೊಂಡರೆ, ಕಡುಬರದಲ್ಲಿ ಬೆಳೆದ ಮರುಭೂಮಿಯ ಎಲೆ ಶೇ 30ರ ಆಸುಪಾಸಿಗೆ ಇಳಿದಿತ್ತು. ಕಡಿಮೆ ಹೀರಿದ ಎಲೆ ಕಡಿಮೆ ಕಾಯುತ್ತದೆ. ತಂಪಾಗಲು ಅಷ್ಟೊಂದು ನೀರನ್ನು ಆವಿಯಾಗಿಸಬೇಕಿಲ್ಲ. ಆದರೆ ಬೆಳಕೇ ಎಲೆಯ ಆಹಾರದ ಮೂಲವೂ ಹೌದಲ್ಲ! ಗಿಡ ತನ್ನ ಊಟದ ಒಂದು ಪಾಲನ್ನು ಬಿಟ್ಟುಕೊಟ್ಟು ಜೀವ ಉಳಿಸಿಕೊಳ್ಳುತ್ತಿದೆ. ಅದಕ್ಕೇ ಮಳೆಯ ನಂತರ ಎನ್ಸೀಲಿಯಾ ಬಿಡುವ ಎಲೆಗಳಲ್ಲಿ ರೋಮ ವಿರಳ, ನೆಲ ಒಣಗುತ್ತ ಹೋದಂತೆ ಹುಟ್ಟುವ ಎಲೆಗಳಲ್ಲಿ ದಟ್ಟ. ಮಿದುಳಿಲ್ಲದ ಜೀವಿಯೊಂದು ಎಲೆ ಎಲೆಗೂ ಇಂಥ ಲೆಕ್ಕ ಹಾಕುವುದು ನನಗೆ ಈಗಲೂ ಬೆರಗಿನ ವಿಷಯ.

ನಮ್ಮ ಬಯಲುಸೀಮೆಯ ಎಕ್ಕದ ಎಳೆ ಎಲೆಯ ಮೇಲೂ ಬಿಳಿ ನವಿರು ಇದೆ. ಉಜ್ಜಿದರೆ ಕೈಗೆ ಹತ್ತುತ್ತದೆ.

ಹೀಗೆ ಬಿಸಿಲು, ಬರಕ್ಕೆ ಒಗ್ಗಿದ ಗಿಡಕ್ಕೆ ತೋಟದಲ್ಲಿ ಪ್ರೀತಿಯಿಂದ ಮಾಡುವ ಉಪಚಾರವೇ ಮುಳುವಾಗಬಹುದು. ನೆರಳಿನಲ್ಲಿಟ್ಟರೆ ಲ್ಯೂಕೋಫಿಲಂ ಬೆಳಕು ಹುಡುಕುತ್ತ ಸೊರಗಿದ ಉದ್ದ ಕೊಂಬೆ ಚಾಚುತ್ತದೆ, ಹೂವೂ ಕಡಿಮೆ. ದಿನದ ಬಹುಪಾಲು ನೇರ ಬಿಸಿಲು ಬೀಳುವ ಜಾಗವೇ ಬೇಕು. ಗೊಬ್ಬರ ಹೆಚ್ಚಾದರೆ ಮೆದು ಚಿಗುರು ಬರುತ್ತದೆ, ಪೊದೆಯ ಒತ್ತಾದ ಆಕಾರ ಕೆಡುತ್ತದೆ. ಬೇರು ಹಿಡಿಯುವ ಮೊದಲ ವರ್ಷ ನೀರು ಕೊಡಬೇಕು. ಆಮೇಲೆ ಮಣ್ಣು ಪೂರ್ತಿ ಒಣಗಿದ ನಂತರ ಮಾತ್ರ.

ಇದಕ್ಕೆ ಕಷ್ಟದ ಕಾಲ ನಮ್ಮ ಬೇಸಿಗೆಯಲ್ಲ, ಮಳೆಗಾಲ. ನೀರು ನಿಂತರೆ ಬೇರು ಕೊಳೆಯುತ್ತದೆ. ಗರಸು ಬೆರೆತ ಕೆಂಪುಮಣ್ಣಿನಲ್ಲಿ ನೀರು ಬೇಗ ಇಳಿದುಹೋಗುವುದರಿಂದ ಚಿಂತೆ ಕಡಿಮೆ. ವಿಜಯಪುರ, ರಾಯಚೂರು ಕಡೆಯ ಎರೆಮಣ್ಣಿನ ಕ್ಷಾರಗುಣ ಇದಕ್ಕೆ ಒಗ್ಗುತ್ತದೆ, ಆದರೆ ಆ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿ ಕಲ್ಲುಚೂರು, ಮರಳು ಬೆರೆಸಿ ಎತ್ತರದ ಮಡಿ ಮಾಡಿಯೇ ನೆಡಬೇಕು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ನೆಲಕ್ಕೆ ನೆಡಲು ನಾನಂತೂ ಹೇಳಲಾರೆ. ಆಸೆಯಿದ್ದರೆ ತಳದಲ್ಲಿ ದೊಡ್ಡ ತೂತುಗಳಿರುವ ಮಣ್ಣಿನ ಕುಂಡದಲ್ಲಿ ಬೆಳೆಸಿ, ಆಷಾಢದ ಮಳೆಗೆ ಮೊದಲೇ ಸೂರಿನಡಿ ಬೆಳಕು ಬೀಳುವ ಕಡೆಗೆ ಸರಿಸಿಡಿ.