ಏರ್ ಫಿಲ್ಟರ್ ತೊಳೆಯುವ ಮುನ್ನ

ಮೂಗಿನ ರೋಮಗಳು ಧೂಳನ್ನು ತಡೆಯುವಂತೆ, ಡರ್ಟ್ ಬೈಕಿನ ಸ್ಪಂಜಿನ ಏರ್ ಫಿಲ್ಟರ್ ಎಂಜಿನ್ನನ್ನು ಕಾಯುತ್ತದೆ. ಮಣ್ಣಿನ ಹಾದಿಯಲ್ಲಿ ಓಡಿದ ಮೇಲೆ ಅದನ್ನು ತೊಳೆಯಲೇಬೇಕು. ಆದರೆ ಬರಿಗೈಯಿಂದ ಪೆಟ್ರೋಲಿನಲ್ಲಿ ಹಿಂಡಿ, ಅಂಗೈ ಒಡೆದು ಉರಿಯುತ್ತಿದೆಯೆಂದು ತರುಣರು ನಮ್ಮಲ್ಲಿಗೆ ಬರುತ್ತಾರೆ. ಪೆಟ್ರೋಲು ಚರ್ಮದ ಸಹಜ ಸ್ನಿಗ್ಧತೆಯನ್ನು ಅಪಹರಿಸುತ್ತದೆ. ಅದರಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಅದರ ಆವಿ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಆದ್ದರಿಂದ ಫಿಲ್ಟರ್ ಕ್ಲೀನರನ್ನೇ ಬಳಸಿ, ಗ್ಲೌಸ್ ಧರಿಸಿ, ಗಾಳಿಯಾಡುವ ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ತೊಳೆಯುವುದು ಲೇಸು. ಸ್ಪಂಜನ್ನು ಮೆಲ್ಲನೆ ಒತ್ತಬೇಕು, ತಿರುಚಬಾರದು. ಪೂರ್ಣ ಒಣಗಿದ ಬಳಿಕ ಫಿಲ್ಟರ್ ಎಣ್ಣೆ ಸವರಬೇಕು.

ಬಳಸಿದ ದ್ರಾವಕವನ್ನು ಚರಂಡಿಗಾಗಲಿ ನೆಲಕ್ಕಾಗಲಿ ಸುರಿಯಲಾಗದು. ಅದು ಇಂಗಿ ಬಾವಿಯ ನೀರನ್ನು ಕೆಡಿಸುತ್ತದೆ. ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಟ್ಟರೆ ಗಸಿ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಪುನಃ ಬಳಸಬಹುದು. ಗಸಿಯನ್ನು ಅಪಾಯಕಾರಿ ಕಸವೆಂದು ಬೇರ್ಪಡಿಸಿ ಸ್ಥಳೀಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು.

ಸದ್ಭಕ್ತರಲ್ಲಿ ನಮ್ಮ ವಿಶೇಷ ವಿನಂತಿಯೊಂದಿದೆ: ಇದನ್ನು ನೀರಿನ ಬಾಟಲಿಯಲ್ಲಿ ಎಂದಿಗೂ ಇಡಬೇಡಿ. ಮಗು ಅರಿಯದೆ ಕುಡಿದರೆ ವಾಂತಿ ಮಾಡಿಸಬೇಡಿ. ವಮನವು ಪಂಚಕರ್ಮಗಳಲ್ಲೊಂದಾದರೂ ಇಲ್ಲಿ ವರ್ಜ್ಯ. ವಾಂತಿಯಾಗುವಾಗ ದ್ರವವು ಶ್ವಾಸಕೋಶ ಸೇರಿ ಪ್ರಾಣಕ್ಕೆ ಮುಳುವಾಗಬಹುದು. ಮನೆಮದ್ದಿಗೆ ಕಾಯದೆ, ಡಬ್ಬಿಯ ಸಮೇತ ಆಸ್ಪತ್ರೆಗೆ ಧಾವಿಸಿರಿ.